ಹಾಡಿಲ್ಲದ ಹೆಡ್‌ಫೋನ್

ಪ್ರಶ್ನೆ: ಅಕ್ಕಾ, ನನಗೆ 37 ವರ್ಷ. ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಲ್ಲಿ ಓಡಾಡುತ್ತೇನೆ. ಪಿ.ಬಿ. ರಸ್ತೆ ಹತ್ತಿರ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಆಫೀಸು. ಆಸ್ಪತ್ರೆ ಬಿಲ್‌ಗಳನ್ನು ನೋಡಿ ಕಂಪ್ಯೂಟರ್‌ಗೆ ಏರಿಸುವ ಕೆಲಸ. ಒಳಗೆ ಹೋಗುವಾಗ ಮೊಬೈಲ್ ಲಾಕರಿನಲ್ಲಿ ಇಡಬೇಕು. ಪೆನ್ನು, ಕಾಗದ ಕೂಡ ಒಯ್ಯುವಂತಿಲ್ಲ. ತಲೆ ಮೇಲೆ ಕ್ಯಾಮೆರಾ. ಸ್ವಲ್ಪ ಮಾತಾಡಿದರೆ ಸೂಪರ್‌ವೈಸರ್ ಹಿಂದೆ ಬಂದು ನಿಲ್ಲುತ್ತಾರೆ. ಒಂಬತ್ತು ಗಂಟೆ ಕೆಲಸ, ಊಟಕ್ಕೆ 25 ನಿಮಿಷ. ಕಂಪ್ಯೂಟರಿನಲ್ಲಿ ಎಲ್ಲಾ ಸೈಟುಗಳೂ ಬಂದ್. ಹೇಗೋ ಒಂದು ಹಾಡಿನ ಸೈಟು ಮಾತ್ರ ತೆರೆಯುತ್ತಿತ್ತು. ಆರು ವರ್ಷ ಅದೇ ನನ್ನ ಜೊತೆ. 400ಕ್ಕೂ ಜಾಸ್ತಿ ಹಾಡು ಒಂದೊಂದಾಗಿ ಆರಿಸಿ ಇಟ್ಟಿದ್ದೆ. ಎರಡು ತಿಂಗಳ ಹಿಂದೆ ಒಂದು ಸೋಮವಾರ ತೆರೆದರೆ, ‘ನಮ್ಮ ಸೇವೆ ನಿಂತಿದೆ, ಧನ್ಯವಾದ’ ಅಂತ ಎರಡು ಸಾಲು. ಅಷ್ಟೇ. ಈಗಲೂ ಹೆಡ್‌ಫೋನ್ ಹಾಕಿಕೊಂಡೇ ಕೂರುತ್ತೇನೆ. ಒಳಗೆ ಏನೂ ಬರಲ್ಲ. ಪಕ್ಕದ ಟೇಬಲ್ ಹುಡುಗಿ ಒಂದು ದಿನ ‘ಯಾಕಕ್ಕಾ, ಹಾಡು ಬರ್ತಿಲ್ವಾ?’ ಅಂದಳು. ಬಾತ್‌ರೂಮಿಗೆ ಹೋಗಿ ಅತ್ತೆ. ಮನೆಯವರಿಗೆ ಹೇಳಿದರೆ ‘ಇದಕ್ಕೆಲ್ಲಾ ಅಳ್ತಾರಾ, ಫೋನಲ್ಲಿ ಬೇಕಾದಷ್ಟು ಹಾಡು ಸಿಗುತ್ತಲ್ಲ’ ಅಂದರು. ಕೆಲಸ ಬಿಟ್ಟುಬಿಡೋಣ ಅನಿಸುತ್ತಿದೆ. ಮಗಳು ಪಿಯುಸಿ, ಮನೆ ಸಾಲ ಇದೆ. ನನಗೆ ತಲೆ ಕೆಟ್ಟಿದೆಯಾ ಅಕ್ಕಾ?

ಉತ್ತರ: ಇಲ್ಲ ತಂಗಿ, ತಲೆ ಕೆಟ್ಟಿಲ್ಲ. ಆ ಯೋಚನೆ ಮೊದಲು ಬಿಡಿ.

ನಿಮ್ಮ ಪತ್ರ ಮೂರು ಸಲ ಓದಿದೆ. ಏನೂ ಬಾರದ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ ಅಂತ ಬರೆದಿದ್ದೀರಲ್ಲ, ಅಲ್ಲಿ ಮೂರು ಸಲವೂ ನಿಂತೆ. ಹಾಡು ಹೋಗಿದೆ ಅಂತ ಗೊತ್ತು. ಆದರೂ ಕಿವಿ ಮುಚ್ಚಿಕೊಂಡರೆ ನೆಮ್ಮದಿ. ಅಂದರೆ ಆ ಹೆಡ್‌ಫೋನ್ ಬರೀ ಹಾಡು ಕೇಳೋಕೆ ಇರಲಿಲ್ಲ. ಬಾಗಿಲಿಲ್ಲದ ಆ ಕೋಣೆಯಲ್ಲಿ ನಿಮಗೆ ಅಂತ ಇದ್ದ ಬಾಗಿಲು ಅದೊಂದೇ. ಹಾಕಿಕೊಂಡರೆ ಸೂಪರ್‌ವೈಸರ್ ಹೆಜ್ಜೆ ಸದ್ದು ಕೇಳಲ್ಲ, ಬಿಲ್ಲುಗಳ ಲೆಕ್ಕ ಮನಸ್ಸಿಗೆ ಅಂಟಲ್ಲ. ಮುಂದಿನ ಹಾಡು ಯಾವುದು ಅನ್ನುವ ಪುಟ್ಟ ಕುತೂಹಲ ಬೇರೆ. ದಿನದ ಒಂಬತ್ತು ಗಂಟೆಯಲ್ಲಿ ನೀವೇ ಆರಿಸಿದ್ದು ಅಂತ ಇದ್ದದ್ದು ಅದೊಂದೇ ಅಲ್ವಾ? ಅದು ಹೋದರೆ ಅಳು ಬರುತ್ತೆ. ಬರಬೇಕು ಕೂಡ.

ನಮ್ಮ ಅಪ್ಪನ ವಿಷಯ ಹೇಳಬೇಕು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದರು. ಮನೆಗೆ ಬಂದರೆ ಹುಬ್ಬಿನ ಮೇಲೆ, ಕಿವಿ ಅಂಚಿನಲ್ಲಿ ಹತ್ತಿಯ ಬಿಳಿ ನೂಲು ಕೂತಿರುತ್ತಿತ್ತು. ಒಳಗೆ ಎಂಥ ಸದ್ದು ಅಂದರೆ, ಪಕ್ಕದವರಿಗೆ ಏನಾದರೂ ಹೇಳಬೇಕಾದರೆ ತುಟಿ ಆಡಿಸಿ, ಕೈ ಸನ್ನೆ ಮಾಡಿ ಹೇಳಬೇಕಿತ್ತಂತೆ. ಆ ಸದ್ದಿಗೆ ಕಿವಿ ಒಗ್ಗಿಹೋಗಿ ಮನೆಯಲ್ಲೂ ಅಪ್ಪ ಜೋರಾಗಿ ಮಾತಾಡುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, ‘ಅಷ್ಟು ಸದ್ದಲ್ಲಿ ಹೊತ್ತು ಹೆಂಗೆ ಕಳೀತೀರಿ?’ ಅಂತ. ಅಪ್ಪ ಸ್ವಲ್ಪ ನಾಚಿಕೊಂಡು ಹೇಳಿದರು, ‘ಹಾಡ್ತೀನಿ. ಯಾರಿಗೂ ಕೇಳಲ್ಲ. ಅದಕ್ಕೇ ಹಾಡ್ತೀನಿ.’ ಮನೆಯಲ್ಲಿ ಒಂದು ದಿನವೂ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಮಿಲ್ಲು ನಿಂತಿತು. ಸಂಬಳ ಹೋಗಿದ್ದು ದೊಡ್ಡ ಏಟು, ಅದನ್ನು ಎಲ್ಲರೂ ಮಾತಾಡಿದರು. ಆ ಹಾಡಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮ ಎಷ್ಟೋ ತಿಂಗಳು ಬೆಳಗಿನ ಪಾಳಿಯ ಸೈರನ್ ಹೊತ್ತಿಗೇ ಎದ್ದು ಒಲೆ ಹಚ್ಚುತ್ತಿದ್ದಳು. ಸೈರನ್ ಕೂಗುತ್ತಿರಲಿಲ್ಲ. ಒಲೆ ಮುಂದೆ ಸುಮ್ನೆ ಕೂತಿರುತ್ತಿದ್ದಳು. ನಿಮ್ಮ ಹೆಡ್‌ಫೋನ್ ಓದಿದಾಗ ನನಗೆ ನೆನಪಾದದ್ದು ಆ ಒಲೆ.

ಕೆಲಸದ ಜೊತೆ ಹಾಡು ಇರೋದು ಸೋಮಾರಿಗಳ ಶೋಕಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ರಾಗಿ ಬೀಸುವಾಗ ಹಾಡುತ್ತಿದ್ದರು. ಬೀಸುವ ಪದ, ಕುಟ್ಟುವ ಪದ ಅಂತಲೇ ಅವಕ್ಕೆ ಹೆಸರು. ಕಲ್ಲು ಹಗುರ ಆಗುತ್ತಿರಲಿಲ್ಲ, ತೋಳಿನ ನೋವು ಗೊತ್ತಾಗುತ್ತಿರಲಿಲ್ಲ. ಅತ್ತೆ ಮನೆಯ ಕಷ್ಟ, ತವರಿನ ನೆನಪು, ಯಾರ ಹತ್ತಿರವೂ ಹೇಳಲಾಗದ್ದನ್ನೆಲ್ಲಾ ಆ ಪದಗಳಲ್ಲಿ ಹಾಕಿ ಬೀಸಿದರು. ಈಗಲೂ ನಮ್ಮೂರಿನ ಮಂಡಕ್ಕಿ ಭಟ್ಟಿಗೆ ಹೋಗಿ ನೋಡಿ. ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುವ ಆ ಧಗೆಯಲ್ಲಿ, ಗೋಡೆಯ ಮೊಳೆಗೆ ನೇತುಹಾಕಿದ ರೇಡಿಯೋವೋ, ಹಳೇ ಮೊಬೈಲೋ ಹಾಡುತ್ತಾ ಇರುತ್ತೆ. ಮಸಿ ಹಿಡಿದು ಅದರ ಬಣ್ಣವೇ ಗೊತ್ತಾಗಲ್ಲ. ಅದನ್ನು ಯಾರೂ ಬಂದ್ ಮಾಡಲ್ಲ.

ಈಗ ಆ ಸೈಟಿನ ಮಾತು. ‘ಎರಡು ಸಾಲು, ಅಷ್ಟೇ’ ಅಂತ ಬರೆದಿದ್ದೀರಿ. ನಿಮ್ಮನ್ನೇ ಹೊರಗೆ ಹಾಕಿದ ಹಾಗೆ ಅನಿಸಿದೆ. ಹಾಗಲ್ಲ. ಇಂಥ ಸೇವೆಗಳು ಹಾಡೊಂದು ಕೇಳಿಸಿದಷ್ಟೂ ಅದರ ಹಕ್ಕು ಇರುವವರಿಗೆ ದುಡ್ಡು ಕೊಡಬೇಕು. ನಮ್ಮ ದೇಶದಲ್ಲಿ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದು, ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಸಿಗುವ ಹಾಗಾಯಿತು. ಅದು ನ್ಯಾಯವೇ. ಆದರೆ ನಾವು ಪುಕ್ಕಟೆ ಕೇಳುತ್ತೇವೆ, ಜಾಹೀರಾತಿನಿಂದ ಬರುವ ದುಡ್ಡು ಸಾಲಲ್ಲ. ಹಾಗಾಗಿ ಒಂದೊಂದೇ ಅಂಗಡಿ ಮುಚ್ಚುತ್ತಾ ಬಂದವು. ಗಾನಾ 2022ರಲ್ಲಿ ಪುಕ್ಕಟೆ ಕೇಳಿಸೋದನ್ನು ನಿಲ್ಲಿಸಿತು. ರೆಸ್ಸೋ 2024ರ ಜನವರಿ ಕೊನೆಗೆ ಇಲ್ಲಿ ಬಾಗಿಲು ಹಾಕಿತು. ಅದೇ ವರ್ಷ ವಿಂಕ್ ಮುಚ್ಚುವ ಸುದ್ದಿ ಬಂತು. ಹಾಡಿನ ಸೇವೆಗಳೇ ಅಂತಲ್ಲ, ಲಕ್ಷಾಂತರ ಜನರ ಗೆಳೆತನ ಶುರುವಾದ ಆರ್ಕುಟ್ ಜಾಲತಾಣ 2014ರ ಸೆಪ್ಟೆಂಬರ್ 30ಕ್ಕೆ ನಿಂತೇ ಹೋಯಿತು. ನಿಮ್ಮ ಹಾಗೆ ಸೋಮವಾರ ಬೆಳಗ್ಗೆ ಪೆಚ್ಚಾಗಿ ಕೂತವರು ತುಂಬಾ ಜನ ಇದ್ದಾರೆ.

ಆ 400 ಹಾಡಿನ ಪಟ್ಟಿ ಪೂರ್ತಿ ಹೋಗಿದೆ ಅಂತ ಇನ್ನೂ ತೀರ್ಮಾನ ಮಾಡಬೇಡಿ. ಆರು ವರ್ಷದ ಹಿಂದೆ ಖಾತೆ ತೆರೆದಾಗ ಯಾವ ಇಮೇಲ್ ಕೊಟ್ಟಿದ್ದಿರಿ ನೆನಪು ಮಾಡಿಕೊಳ್ಳಿ. ಮುಚ್ಚುವ ಮೊದಲು ಎಷ್ಟೋ ಕಂಪನಿಗಳು ಆ ವಿಳಾಸಕ್ಕೆ ಪತ್ರ ಕಳಿಸಿ, ಪಟ್ಟಿ ಇಳಿಸಿಕೊಳ್ಳಿ ಅಂತ ಒಂದು ಗಡುವು ಕೊಡುತ್ತವೆ. ಅದು ನೀವು ಈಗ ತೆರೆಯದ ಹಳೇ ಇಮೇಲ್ ಆಗಿರಬಹುದು. ಸ್ಪ್ಯಾಮ್ ಡಬ್ಬಿಯಲ್ಲೂ ಹುಡುಕಿ. ಸಹಾಯದ ಇಮೇಲ್ ವಿಳಾಸ ಅದರಲ್ಲಿ ಇದ್ದರೆ, ನನ್ನ ಪಟ್ಟಿ ಬೇಕು ಅಂತ ನಾಲ್ಕು ಸಾಲು ಬರೆಯಿರಿ. ಎರಡೇ ತಿಂಗಳಾಗಿರೋದು, ಕೇಳುವುದರಲ್ಲಿ ನಷ್ಟ ಇಲ್ಲ. ಪಟ್ಟಿ ಸಿಕ್ಕರೆ ಅದನ್ನು ಬೇರೆ ಹಾಡಿನ ಸೇವೆಗೆ ಸಾಗಿಸುವ ಟ್ಯೂನ್‌ಮೈಮ್ಯೂಸಿಕ್‌ನಂಥ ಸೈಟುಗಳಿವೆ. ಮಗಳಿಗೆ ಹೇಳಿ, ಮಾಡಿಕೊಡುತ್ತಾಳೆ.

ಸಿಗದಿದ್ದರೆ? ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಬಸ್ಸಲ್ಲಿ ಸೀಟು ಸಿಕ್ಕ ದಿನ, ನೆನಪಾದ ಹಾಡು ಬರೆಯುತ್ತಾ ಹೋಗಿ. ಬರೀ ಹಾಡಿನ ಮೊದಲ ಸಾಲು ಬೇಡ. ಆ ಹಾಡು ಆಫೀಸಿನಲ್ಲಿ ಯಾವಾಗ ಬಂತು, ಅವತ್ತು ಏನಾಗಿತ್ತು, ಅದನ್ನೂ ಪಕ್ಕದಲ್ಲಿ ಬರೆಯಿರಿ. ಮಗಳಿಗೆ ಜ್ವರ ಇದ್ದ ದಿನ ಬಂದ ಹಾಡು. ಸಂಬಳ ಹೆಚ್ಚಾದ ದಿನದ್ದು. ಊಟ ಆದಮೇಲೆ ನಿದ್ದೆ ತೂಗುವಾಗ ಎಬ್ಬಿಸುತ್ತಿದ್ದದ್ದು. 400 ನೆನಪಾಗಲ್ಲ. 60 ಬರಬಹುದು, 90 ಬರಬಹುದು. ಆದರೆ ಆ ಸೈಟು ನಿಮಗೆ ಪಟ್ಟಿ ವಾಪಸ್ ಕೊಟ್ಟಿದ್ದರೂ ಈ ಪಕ್ಕದ ಸಾಲು ಅದರಲ್ಲಿ ಇರುತ್ತಿರಲಿಲ್ಲ.

ಇನ್ನು ಆಫೀಸಿನೊಳಗಿನ ಹಾಡು. ಇದಕ್ಕೆ ನನಗೆ ಒಂದು ದಾರಿ ಕಾಣುತ್ತಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಆಫೀಸು ಮೊಬೈಲ್ ಯಾಕೆ ಬೇಡ ಅನ್ನುತ್ತೆ? ಬಿಲ್ಲುಗಳಲ್ಲಿ ರೋಗಿಗಳ ವಿವರ ಇರುತ್ತೆ. ಫೋಟೋ ತೆಗೆದು ಹೊರಗೆ ಕಳಿಸಬಹುದು ಅನ್ನುವ ಭಯ. ಪೆನ್ನು, ಕಾಗದ ಬೇಡ ಅನ್ನೋದೂ ಅದಕ್ಕೇ. ಈ ಭಯ ಸುಳ್ಳಲ್ಲ, ಅದನ್ನು ನಾವು ಒಪ್ಪಬೇಕು. ಆದರೆ ಜೇಬಿನ ರೇಡಿಯೋಗೆ ಕ್ಯಾಮೆರಾ ಇಲ್ಲ. ಇಂಟರ್ನೆಟ್ ಇಲ್ಲ. ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲದ್ದನ್ನೇ ನೋಡಿ ತಗೊಂಡರೆ ಅದು ಏನನ್ನೂ ಒಳಗೆ ಇಟ್ಟುಕೊಳ್ಳಲ್ಲ, ಹೊರಗೆ ಕಳಿಸಲ್ಲ. ಎರಡು ಸೆಲ್ ಹಾಕಿದರೆ ಹಾಡುತ್ತೆ, ಅಷ್ಟೇ ಅದರ ಕೆಲಸ. ಕಂಪ್ಯೂಟರಿಗೂ ಅದನ್ನು ಚುಚ್ಚಬೇಕಾಗಿಲ್ಲ. ಬೇಡ ಅನ್ನೋಕೆ ಅವರಿಗೆ ಕಾರಣ ಸಿಗೋದು ಕಷ್ಟ.

ಎಫ್‌ಎಂ ಇರುವುದನ್ನೇ ತಗೊಳ್ಳಿ. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರು ನಮ್ಮ ಕಡೆ ತುಂಬಾ ಜನ. ನನಗೂ ಅದು ಪ್ರಾಣ. ಆದರೆ ಅದು ಮೀಡಿಯಂ ವೇವ್, ಸಾಲಾಗಿ ಕಂಪ್ಯೂಟರ್ ಇರುವ ಕೋಣೆಯಲ್ಲಿ ಗೊರಗೊರ ಅನ್ನುತ್ತೆ. ಎಫ್‌ಎಂಗೆ ಆ ಕಾಟ ಕಡಿಮೆ. ಇಂಥ ಪುಟ್ಟ ರೇಡಿಯೋಗಳಿಗೆ ಇಯರ್‌ಫೋನ್ ವೈರೇ ಏರಿಯಲ್ ಆಗಿ ಕೆಲಸ ಮಾಡುತ್ತೆ. ವೈರು ಸುತ್ತಿ ಜೇಬಿಗೆ ತುರುಕಿದರೆ ಸ್ಟೇಷನ್ ಬಿಟ್ಟು ಹೋಗುತ್ತೆ, ಉದ್ದಕ್ಕೆ ಇಳಿಬಿಡಿ. ಸ್ಟೇಷನ್ ಸಿಗುತ್ತಾ ಅನ್ನೋದು ಕಟ್ಟಡದ ಮೇಲೆ, ಕಿಟಕಿ ಎಷ್ಟು ದೂರ ಅನ್ನೋದರ ಮೇಲೆ ಹೋಗುತ್ತೆ. ಮೂರನೇ ಮಹಡಿ ಅಂದಿರಿ, ಅದು ಒಳ್ಳೇದೇ. ಅನುಮತಿ ಕೇಳೋ ಮೊದಲು ಒಂದು ದಿನ ಊಟದ ಹೊತ್ತಲ್ಲಿ ಮೆಟ್ಟಿಲ ಹತ್ತಿರ ನಿಂತು ತಿರುಗಿಸಿ ನೋಡಿ.

ರೇಡಿಯೋದಲ್ಲಿ ನಿಮಗೆ ಬೇಕಾದ ಹಾಡು ಬರಲ್ಲ, ಅದು ಗೊತ್ತು. ಬೇಡದ ಜಾಹೀರಾತೂ ಬರುತ್ತೆ. ಆದರೆ ಮುಂದಿನ ಹಾಡು ಯಾವುದು ಅನ್ನುವ ಕುತೂಹಲ ವಾಪಸ್ ಬರುತ್ತೆ. ಜೊತೆಗೆ ಮನುಷ್ಯರ ದನಿ ಬರುತ್ತೆ. ಇನ್ನೊಂದು ವಿಷಯ. ಮತ್ತೆ ಒಂದನ್ನು ಹಚ್ಚಿಕೊಂಡು, ಅದೂ ಹೋದರೆ ಅನ್ನುವ ಭಯ ನಿಮಗೆ ಇದ್ದೇ ಇರುತ್ತೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ವಿವಿಧ ಭಾರತಿ ಶುರುವಾಗಿದ್ದು 1957ರಲ್ಲಿ. ಆಕಾಶವಾಣಿ, ವಿವಿಧ ಭಾರತಿ ಎರಡೂ ಇವತ್ತಿಗೂ ಬರುತ್ತಿವೆ. ಅಷ್ಟು ಗಟ್ಟಿಯಾದದ್ದನ್ನು ಹಚ್ಚಿಕೊಳ್ಳೋಕೆ ಹೆದರಬೇಡಿ.

ಅನುಮತಿ ಬಾಯಲ್ಲಿ ಕೇಳಬೇಡಿ, ಅದರಲ್ಲೂ ಸೂಪರ್‌ವೈಸರ್ ಹತ್ತಿರ ನಡು ಕೆಲಸದಲ್ಲಿ ಬೇಡವೇ ಬೇಡ. ಅವರು ಅಭ್ಯಾಸದ ಮೇಲೆ ಆಗಲ್ಲ ಅಂದುಬಿಡುತ್ತಾರೆ. ಆಮೇಲೆ ಮಾತು ಬದಲಿಸೋಕೆ ಅವರಿಗೂ ಮುಜುಗರ. ಮ್ಯಾನೇಜರಿಗೆ ಅರ್ಧ ಪುಟ ಬರೆಯಿರಿ. ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಹಾಡು ಕೇಳುತ್ತಾ ಮಾಡಿದ ಕೆಲಸದಲ್ಲಿ ತಪ್ಪುಗಳು ಎಷ್ಟು ಅನ್ನೋದು ನಿಮ್ಮ ದಾಖಲೆಯಲ್ಲೇ ಇದೆ, ಈ ರೇಡಿಯೋಗೆ ಕ್ಯಾಮೆರಾ ಇಲ್ಲ, ಮೆಮೊರಿ ಇಲ್ಲ, ಬೇಕಾದರೆ ಸೆಕ್ಯೂರಿಟಿಯವರು ದಿನಾ ಪರೀಕ್ಷೆ ಮಾಡಲಿ, ಒಂದು ತಿಂಗಳು ನೋಡಿ ಆಮೇಲೆ ತೀರ್ಮಾನ ಮಾಡಿ. ಇಷ್ಟು ಸಾಕು. ಅಳು, ಬೇಸರ ಯಾವುದೂ ಆ ಕಾಗದದಲ್ಲಿ ಬೇಡ. ಅದು ನನಗೆ ಬರೆದಿದ್ದೀರಲ್ಲ.

ದಿನವಿಡೀ ಕೊಡಲ್ಲ ಅಂದರೆ ಬೆಳಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಕೇಳಿ. ಇಂಗ್ಲೆಂಡಿನಲ್ಲಿ ಯುದ್ಧದ ಕಾಲಕ್ಕೆ, 1940ರ ಜೂನ್‌ನಲ್ಲಿ, ಬಿಬಿಸಿ ಕಾರ್ಖಾನೆ ಕೆಲಸಗಾರರಿಗೆ ಅಂತಲೇ ಒಂದು ಸಂಗೀತ ಕಾರ್ಯಕ್ರಮ ಶುರು ಮಾಡಿತು. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ. 1967ರವರೆಗೆ ನಡೆಯಿತು. ಬಾಂಬು ಬೀಳುತ್ತಿದ್ದ ದೇಶಕ್ಕೇ ಕೆಲಸಗಾರರ ಕಿವಿಗೆ ಹಾಡು ಬೇಕು ಅನಿಸಿದ ಮೇಲೆ, ಪಿ.ಬಿ. ರಸ್ತೆಯ ಆಫೀಸಿಗೆ ಯಾಕೆ ಅನಿಸಬಾರದು?

ಆದರೆ ತಂಗಿ, ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು ಹಾಡಿನ ವಿಷಯ ಅಲ್ಲ. ಊಟಕ್ಕೆ 25 ನಿಮಿಷ ಅಂತ ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ ನಮ್ಮ ರಾಜ್ಯದಲ್ಲಿ 1961ರಿಂದ ಇದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಮೀರಿ ಮಾಮೂಲಿ ಕೆಲಸ ಮಾಡಿಸುವಂತಿಲ್ಲ. ಒಂದೇ ಸಮನೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ನಿಮಗೆ ಸಿಗಬೇಕಾದ ಆ ಒಂದು ಗಂಟೆಯಲ್ಲಿ ಲಾಕರಿನಿಂದ ಫೋನ್ ತೆಗೆದು, ಕೆಳಗೆ ಇಳಿದು ಬೀದಿಯ ಗಾಳಿ ಕುಡಿದು, ನಾಲ್ಕು ಹಾಡು ಕೇಳಿ ಬರಬಹುದು. ಇದನ್ನು ನೀವೊಬ್ಬರೇ ಎತ್ತಬೇಡಿ. ಐದಾರು ಜನ ಸೇರಿ ಕೇಳಿ. ಮೇಲಿನವರು ಕಿವಿಗೆ ಹಾಕಿಕೊಳ್ಳದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಈ ಕಾಗದ ಬೇರೆ, ರೇಡಿಯೋ ಕಾಗದ ಬೇರೆ. ಎರಡನ್ನೂ ಒಟ್ಟಿಗೆ ಕೊಡಬೇಡಿ.

ಕೆಲಸ ಬಿಡೋ ಮಾತು ಮಗಳ ಪರೀಕ್ಷೆ ಮುಗಿಯುವವರೆಗೆ ಬೇಡ. ಇದು ನನ್ನ ಖಂಡಿತ ಅಭಿಪ್ರಾಯ. ದುಃಖದಲ್ಲಿ ಕೊಟ್ಟ ರಾಜೀನಾಮೆ ಮನೆ ಸಾಲದ ಕಂತಿನ ದಿನ ತುಂಬಾ ಬಾಧಿಸುತ್ತೆ. ಆದರೆ ಬೇರೆ ಕೆಲಸ ನೋಡೋಕೆ ಯಾರ ಅನುಮತಿಯೂ ಬೇಕಿಲ್ಲ. ಆರು ವರ್ಷ ಬಿಲ್ಲು ನೋಡಿದ ಅನುಭವ ಇದೆ. ದಾವಣಗೆರೆಯಲ್ಲಿ ಆಸ್ಪತ್ರೆಗಳು, ಮೆಡಿಕಲ್ ಕಾಲೇಜುಗಳು ಕಡಿಮೆಯೇ? ಅವುಗಳ ಬಿಲ್ಲಿಂಗ್ ವಿಭಾಗಕ್ಕೆ, ವಿಮೆ ಕೌಂಟರಿಗೆ ನಿಮ್ಮಂಥವರು ಬೇಕಾಗುತ್ತಾರೆ. ಅಲ್ಲೂ ಒತ್ತಡ ಇರುತ್ತೆ, ಆದರೆ ಎದುರಿಗೆ ಮನುಷ್ಯರು ಬಂದು ನಿಲ್ಲುತ್ತಾರೆ, ಮಾತಾಡಬಹುದು. ಅರ್ಜಿ ಹಾಕುತ್ತಾ ಇರಿ.

ನಿಮ್ಮ ಮನೆಯವರು ಕೆಟ್ಟ ಮನಸ್ಸಿನಿಂದ ಹಾಗಂದಿಲ್ಲ ಅನಿಸುತ್ತೆ. ಅವರು ಆ ಕೋಣೆ ನೋಡಿಲ್ಲ. ಫೋನಲ್ಲಿ ಸಿಗುತ್ತಲ್ಲ ಅಂದರೆ, ಫೋನ್ ಲಾಕರಿನಲ್ಲಿ ಇರುತ್ತೆ ಅನ್ನೋದೇ ಅವರ ತಲೆಗೆ ಬಂದಿಲ್ಲ. ಭಾನುವಾರ ಸಂಜೆ ಅವರನ್ನು ಕರೆದುಕೊಂಡು ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ. ಇಯರ್‌ಫೋನಿನ ಒಂದು ಕಡೆ ಅವರಿಗೆ ಕೊಡಿ. ಮಧ್ಯಾಹ್ನ ಮೂರೂವರೆಗೆ ನಿಮ್ಮನ್ನು ಎಬ್ಬಿಸುತ್ತಿದ್ದ ಹಾಡು ಹಾಕಿ, ಇದು ಬಂದಾಗ ಇನ್ನು ಎರಡೂವರೆ ಗಂಟೆ ಅಂದುಕೊಳ್ಳುತ್ತಿದ್ದೆ ಅಂತ ಹೇಳಿ. ವಾದ ಬೇಡ. ಅಪ್ಪನ ಹಾಡು ಕೇಳಿಸಿಕೊಳ್ಳೋ ಅವಕಾಶ ನಮ್ಮ ಅಮ್ಮನಿಗೆ ಸಿಗಲೇ ಇಲ್ಲ.

ಕೊನೆಗೆ ಆ ಪಕ್ಕದ ಟೇಬಲ್ ಹುಡುಗಿ. ‘ಯಾಕಕ್ಕಾ, ಹಾಡು ಬರ್ತಿಲ್ವಾ?’ ಅಂದಳಲ್ಲ, ಅವಳಿಗೆ ಹೇಗೆ ಗೊತ್ತಾಯಿತು? ಹೆಡ್‌ಫೋನ್ ನಿಮ್ಮ ಕಿವಿ ಮೇಲೇ ಇತ್ತು. ಹೊರಗಿನಿಂದ ನೋಡಿದರೆ ಏನೂ ಬದಲಾಗಿರಲಿಲ್ಲ. ಬಹುಶಃ ಹಾಡು ಬರುವಾಗ ನಿಮ್ಮ ಕಾಲು ತಾಳ ಹಾಕುತ್ತಿತ್ತು. ಇಲ್ಲಾ ತುಟಿ ಆಡುತ್ತಿತ್ತು, ಮಿಲ್ಲಿನವರ ಹಾಗೆ. ನೀವು ಕಿವಿ ಮುಚ್ಚಿಕೊಂಡು ಕೂತಿದ್ದ ದಿನಗಳಲ್ಲಿ ಅವಳು ನಿಮ್ಮನ್ನು ನೋಡುತ್ತಿದ್ದಳು. ಹಾಡು ನಿಂತದ್ದು ಆ ಕೋಣೆಯಲ್ಲಿ ಅವಳಿಗೊಬ್ಬಳಿಗೆ ಗೊತ್ತಾಯಿತು. ಅವತ್ತು ನೀವು ಉತ್ತರ ಕೊಡದೆ ಎದ್ದು ಹೋದಿರಿ.

ನಾಳೆ ಊಟದ ಡಬ್ಬಿ ಅವಳ ಪಕ್ಕ ಬಿಚ್ಚಿ. ಅವಳಿಗೆ ಯಾವ ಹಾಡು ಇಷ್ಟ ಅಂತ ಕೇಳಿ. ಸಂಜೆ ಬಸ್ಸಲ್ಲಿ ಅದನ್ನು ನೋಟ್‌ಬುಕ್ಕಿನ ಮೊದಲ ಸಾಲಿಗೆ ಬರೆದುಕೊಳ್ಳಿ. ಮ್ಯಾನೇಜರ್ ಏನಂದರು, ಮೂರನೇ ಮಹಡಿಯಲ್ಲಿ ಯಾವ ಸ್ಟೇಷನ್ ಸಿಕ್ಕಿತು, ಎರಡನ್ನೂ ನನಗೆ ಬರೆದು ತಿಳಿಸಿ. ಕಾಯುತ್ತಿರುತ್ತೇನೆ.